ತಲೆಯ ಮೇಲಿನ ನೀರು

ವಿಹಾರ ನೌಕೆಯ ಪ್ರಯಾಣದಲ್ಲಿ ಊರುಗಳು ಮನುಷ್ಯನ ಬಳಿಗೆ ಬರುತ್ತವೆಯೇ ಹೊರತು ಮನುಷ್ಯನು ಊರುಗಳ ಬಳಿಗೆ ಹೋಗುವುದಿಲ್ಲ. ರಾತ್ರಿ ಮಲಗುವಾಗ ಸುತ್ತಲೂ ಕತ್ತಲೆ, ಕಡಲು; ಬೆಳಗ್ಗೆ ಎದ್ದು ಪರದೆ ಸರಿಸಿದರೆ ಯಾವುದೋ ಒಂದು ಪಟ್ಟಣ ಮಿಂದು ಮಡಿಯುಟ್ಟು ಬಾಗಿಲಲ್ಲಿ ನಿಂತಿರುತ್ತದೆ. ಅದನ್ನು ನೋಡಿ ಮುಗಿಸಲು ಇಂತಿಷ್ಟು ಗಂಟೆಯೆಂದು ಹಡಗಿನವರು ಹಿಂದಿನ ರಾತ್ರಿಯೇ ಅಚ್ಚುಹಾಕಿದ ಹಾಳೆಯೊಂದನ್ನು ಕೋಣೆಗೆ ತಲಪಿಸಿರುತ್ತಾರೆ. ಎರಡೂವರೆ ಸಾವಿರ ವರ್ಷಕ್ಕೂ ಮೇಲಾಗಿ ಬಾಳಿದ ಊರಿಗೆ ಏಳು ಗಂಟೆಯ ಅವಕಾಶ! ಕೊಟ್ಟವರದೂ ತಪ್ಪಿಲ್ಲ, ಪಡೆದವರದೂ ತಪ್ಪಿಲ್ಲ. ಆದರೆ ಇದನ್ನು ‘ನೋಡುವುದು’ ಎನ್ನಬೇಕೋ ‘ಹಾಯ್ದುಹೋಗುವುದು’ ಎನ್ನಬೇಕೋ ಎಂಬುದು ಬೇರೆಯ ಮಾತು.

2023ರ ಅಕ್ಟೋಬರಿನ ಒಂದು ಮುಂಜಾನೆ ಹಾಗೆ ಬಾಗಿಲಲ್ಲಿ ನಿಂತ ಪಟ್ಟಣ ಕವಾಲಾ. ಗ್ರೀಸ್ ದೇಶದ ಈಶಾನ್ಯ ಭಾಗದಲ್ಲಿ, ಏಜಿಯನ್ ಕಡಲಿನ ಉತ್ತರದ ಅಂಚಿನಲ್ಲಿ, ಥಾಸೋಸ್ ದ್ವೀಪಕ್ಕೆ ಎದುರಾಗಿ ಇರುವ ಬಂದರು ಅದು. ಹಡಗಿನ ಮೇಲಟ್ಟದಿಂದ ನೋಡಿದರೆ ಕಡಲಿಗೆ ಮೂಗು ಚಾಚಿದಂತಹ ಒಂದು ಗುಡ್ಡ. ಗುಡ್ಡದ ನೆತ್ತಿಯಲ್ಲಿ ಕೋಟೆ. ಅದರ ಮೈಮೇಲೆ ಒಂದರ ಹೆಗಲ ಮೇಲೊಂದು ಹತ್ತಿ ಕುಳಿತ ಕೆಂಪು ಹೆಂಚಿನ ಮನೆಗಳು. ಗುಡ್ಡಕ್ಕೂ ಹಿಂದಿನ ಬೆಟ್ಟಸಾಲಿಗೂ ನಡುವೆ ತಗ್ಗು. ಆ ತಗ್ಗಿನ ಆಚೆಗೆ ಈಚೆಗೆ ಕೈಹಿಡಿದು ನಿಂತ ಮಕ್ಕಳ ಸಾಲಿನಂತೆ ಕಮಾನುಗಳು, ಕಮಾನುಗಳು.

ಆ ಕಮಾನುಗಳನ್ನು ಎಲ್ಲರಿಗಿಂತ ಮೊದಲು ಕಂಡವರು ಓವರ್ಸಿಯರರು. ಅವರಿಗೆ ಆಗ ಎಪ್ಪತ್ತಾರು ವರ್ಷ. ಹುಟ್ಟೂರು ವಿಜಾಪುರ, 2014ರಿಂದ ಅದನ್ನು ವಿಜಯಪುರವೆಂದು ಬರೆಯಬೇಕೆಂಬುದು ಗೊತ್ತಿದ್ದರೂ ಬಾಯಿಗೆ ಹಳೆಯ ಹೆಸರೇ ಬರುತ್ತದೆ. ಅದೇ ಜಿಲ್ಲೆಯ ಒಂದು ಪಟ್ಟಣದಲ್ಲಿ ಮೂವತ್ತೈದು ವರ್ಷ ನೀರು ಸರಬರಾಜಿನ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತರಾಗಿ ಇಷ್ಟು ಕಾಲವಾದರೂ ಯಾವ ಊರಿಗೆ ಹೋಗಲಿ, ದೇವಸ್ಥಾನ ನೋಡುವುದಕ್ಕೆ ಮುಂಚೆ ನೀರಿನ ಟಾಕಿ ಎಲ್ಲಿದೆಯೆಂದು ಕತ್ತೆತ್ತಿ ಹುಡುಕುವ ಚಾಳಿ ಹೋಗಿಲ್ಲ. ಹೊರದೇಶದಲ್ಲಿ ಉದ್ಯೋಗದಲ್ಲಿರುವ ಮಗ ಹಟಹಿಡಿದು ತಂದೆತಾಯಿಗಳನ್ನು ಈ ಯಾನಕ್ಕೆ ಕರೆತಂದಿದ್ದ. ಆ ದಿನ ಮಗ, ಸೊಸೆ, ಮೊಮ್ಮಗಳು ಮೂವರೂ ಹದಿನೈದು ಕಿಲೋಮೀಟರಿನಾಚೆಯ ಫಿಲಿಪ್ಪಿಯ ಅವಶೇಷಗಳನ್ನು ನೋಡಲು ಬಸ್ಸಿಗೆ ಹೆಸರು ಕೊಟ್ಟಿದ್ದರು.

“ಅಪ್ಪಾ, ನೀವಿಬ್ಬರೂ ಬರ್ರಿ. ಬಸ್ಸಿನಾಗ ಹೋಗೂದು, ಬಸ್ಸಿನಾಗ ಬರೂದು” ಎಂದ ಮಗ.

“ಹಾಳು ನೋಡಾಕ ವಿಜಾಪುರ ಬಿಟ್ಟು ಇಷ್ಟು ದೂರ ಬರಬೇಕಾಗಿರಲಿಲ್ಲೋ ತಮ್ಮಾ. ನೀವು ಹೋಗಿ ಬರ್ರಿ” ಎಂದರು ಓವರ್ಸಿಯರರು.

ಫಿಲಿಪ್ಪಿಗೆ ಇದರಿಂದ ಅನ್ಯಾಯವಾಯಿತೆಂದೇ ಹೇಳಬೇಕು. ಕ್ರಿಸ್ತಪೂರ್ವ 42ರಲ್ಲಿ ಜೂಲಿಯಸ್ ಸೀಸರನ ಕೊಲೆಗಾರರಿಗೂ ಅವನ ಪಕ್ಷದವರಿಗೂ ಕೊನೆಯ ಯುದ್ಧ ನಡೆದು ಬ್ರೂಟಸ್, ಕ್ಯಾಸಿಯಸ್ ಇಬ್ಬರೂ ಪ್ರಾಣ ಕಳೆದುಕೊಂಡ ಸ್ಥಳ ಅದು. ಕ್ರಿಸ್ತಶಕದ ಮೊದಲ ಶತಮಾನದ ನಡುವೆ ಸಂತ ಪೌಲನು ಏಷ್ಯಾದಿಂದ ಯೂರೋಪಿಗೆ ಬಂದಾಗ ಹಡಗಿನಿಂದ ಇಳಿದದ್ದು ಆಗ ನೆಯಾಪೊಲಿಸ್ ಎನಿಸಿಕೊಂಡಿದ್ದ ಇದೇ ಬಂದರಿನಲ್ಲಿ. ಇಲ್ಲಿಂದ ನಡೆದು ಹೋದದ್ದು ಫಿಲಿಪ್ಪಿಗೆ. ಆದರೆ ನೀರಿನ ಮನುಷ್ಯನಿಗೆ ಯುದ್ಧವೂ ಧರ್ಮಬೋಧೆಯೂ ಮಧ್ಯಾಹ್ನದ ಮೇಲಿನ ವಿಷಯಗಳು. ಅವರ ಕಣ್ಣು ಕಮಾನಿನಿಂದ ಕದಲಿರಲಿಲ್ಲ.

ಅವರ ಪತ್ನಿ ಏನೂ ಹೇಳಲಿಲ್ಲ. ಎಪ್ಪತ್ತೊಂದರ ಆ ತಾಯಿಗೆ ಬಲಮೊಣಕಾಲು ಬಹಳ ವರ್ಷಗಳಿಂದ ತೊಂದರೆ ಕೊಡುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಫಿಲಿಪ್ಪಿಗೆ ಹೋದರೂ ಕಲ್ಲು ಹತ್ತಬೇಕು, ಇಲ್ಲಿದ್ದರೂ ಕಲ್ಲು ಹತ್ತಬೇಕು. ಗಂಡನ ಜೊತೆಗಾದರೆ ಬೇಕಾದಲ್ಲಿ ಕೂಡಬಹುದು ಎಂದು ಲೆಕ್ಕ ಹಾಕಿ, ಕೈಚೀಲದಲ್ಲಿ ಒಂದು ಬಾಟಲಿ ನೀರು, ನಾಲ್ಕು ಖಾರದ ಅವಲಕ್ಕಿಯ ಪೊಟ್ಟಣ ಇಟ್ಟುಕೊಂಡು ಹೊರಟರು. ಯೂರೋಪಿನ ಕಡಲ ಮೇಲೆ ವಿಜಾಪುರದ ಅವಲಕ್ಕಿ ಎಂಟು ದಿನಕ್ಕೂ ಗರಿಗರಿಯಾಗಿಯೇ ಇತ್ತು.

ಓವರ್ಸಿಯರರ ಈ ಉತ್ಸಾಹಕ್ಕೆ ಎರಡು ದಿನ ಹಿಂದಿನ ಒಂದು ಹಿನ್ನೆಲೆಯುಂಟು. ಹಡಗು ಇಸ್ತಾಂಬುಲ್‌ನಲ್ಲಿ ನಿಂತಾಗ ಮಾರ್ಗದರ್ಶಿ ಯಾತ್ರಿಕರ ಹಿಂಡನ್ನು ಆಯಾ ಸೋಫಿಯಾದ ಎದುರಿನಿಂದ ನೆಲದಡಿಯ ದೊಡ್ಡ ಜಲಾಶಯದ ಕಡೆಗೆ ನಡೆಸಿಕೊಂಡು ಹೋಗುತ್ತಿದ್ದ. ದಾರಿಯ ಮಗ್ಗುಲಿಗೆ, ಹಳೆಯ ರಸ್ತೆಗಳ ದೂರವನ್ನೆಲ್ಲ ಅಳೆಯಲು ಮೊದಲುಮಾಡುತ್ತಿದ್ದ ರೋಮನ್ ಮೈಲಿಗಲ್ಲಿನ ಒಂದು ತುಂಡಿನ ಪಕ್ಕದಲ್ಲಿ, ಕಲ್ಲಿನ ಒಂದು ಒಂಟಿ ಗೋಪುರ ನಿಂತಿತ್ತು. ಮಾರ್ಗದರ್ಶಿ ಅದರತ್ತ ಬೆರಳು ಕೂಡ ತೋರಲಿಲ್ಲ. ಓವರ್ಸಿಯರರು ಮಾತ್ರ ಕಾಲು ಕಿತ್ತಿಡದೆ ನಿಂತುಬಿಟ್ಟರು. “ಏ, ಇದು ನಮ್ಮ ಗಂಜ್!” ಎಂದು ಅವರು ಕೂಗಿದ್ದಕ್ಕೆ ಹಿಂಡೆಲ್ಲ ತಿರುಗಿ ನೋಡಿತು.

ವಿಜಾಪುರವನ್ನು ಕಂಡವರಿಗೆ ಗಂಜ್ ಎಂದರೆ ಹೇಳಬೇಕಾಗಿಲ್ಲ. ಆದಿಲಶಾಹಿ ಕಾಲದಲ್ಲಿ ತೊರವೆಯ ಕಡೆಯಿಂದ ಸುರಂಗದ ಮೂಲಕವೂ, 1651ರಲ್ಲಿ ಮುಹಮ್ಮದ್ ಆದಿಲಶಾಹ ಕಟ್ಟಿಸಿದ ಬೇಗಂ ತಲಾಬಿನಿಂದ ಗಾರೆಯಲ್ಲಿ ಹೂತ ಮಣ್ಣಿನ ಕೊಳವೆಗಳ ಮೂಲಕವೂ ಊರಿಗೆ ನೀರು ಬರುತ್ತಿತ್ತು. ಕೊಳವೆಯಲ್ಲಿ ಕಟ್ಟಿಬಿದ್ದ ನೀರಿಗೆ ಒತ್ತಡ ಹೆಚ್ಚು. ಮಣ್ಣಿನ ಕೊಳವೆ ಅದನ್ನು ತಾಳಲಾರದು. ಅದಕ್ಕಾಗಿ ದಾರಿಯಲ್ಲಿ ಅಲ್ಲಲ್ಲಿ ಗೋಪುರ ಕಟ್ಟಿ, ನೀರು ಅದರೊಳಗೆ ಮೇಲೇರಿ, ಬಯಲ ಗಾಳಿಗೆ ಮುಖವೊಡ್ಡಿ, ಆಯಾಸ ಕಳೆದುಕೊಂಡು ಮತ್ತೆ ಕೆಳಗಿಳಿದು ಮುಂದೆ ಸಾಗುವಂತೆ ಮಾಡಿದ್ದರು. ಹುಡುಗನಾಗಿದ್ದಾಗ ಓವರ್ಸಿಯರರು ಆಡಿದ್ದು ಅಂಥದೊಂದು ಗಂಜಿನ ನೆರಳಿನಲ್ಲಿ. ಒಳಗೆ ದೆವ್ವವಿದೆಯೆಂದು ಹಿರಿಯರು ಹೆದರಿಸುತ್ತಿದ್ದರು. ಇಸ್ತಾಂಬುಲ್‌ನ ಗೋಪುರದ ಕೆಲಸವೂ ಅದೇ. ಅದರ ತುರ್ಕಿ ಹೆಸರನ್ನು ಮಗ ತನ್ನ ಫೋನಿನಲ್ಲಿ ಹುಡುಕಿ ತೆಗೆದ: ‘ಸು ತೆರಾಜಿ’. ಸು ಎಂದರೆ ನೀರು. ತೆರಾಜಿ ಎಂದರೆ ನಮ್ಮ ಬಜಾರದ ತರಾಜು. ನೀರನ್ನು ತೂಗುವ ತಕ್ಕಡಿ! ಪಾರಸಿ ಭಾಷೆಯ ಒಂದು ಮಾತು ಎರಡು ದಿಕ್ಕಿಗೆ ಪ್ರಯಾಣಮಾಡಿ ಒಂದು ಕಡೆ ಜೋಳವನ್ನೂ ಇನ್ನೊಂದು ಕಡೆ ನೀರನ್ನೂ ತೂಗುತ್ತ ನಿಂತಿದೆ. ವಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲಶಾಹನು ತುರ್ಕಿ ಸುಲ್ತಾನರ ಮನೆಯ ಹುಡುಗನೆಂದು ಫೆರಿಸ್ತಾ ಬರೆದ ಕಥೆಯನ್ನು ಇತಿಹಾಸಜ್ಞರು ಒಪ್ಪಲು ಹಿಂದೆಮುಂದೆ ನೋಡುತ್ತಾರೆ. ಅದಿರಲಿ. ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದ ಮುಹಮ್ಮದ್ ಬಿನ್ ಹಸನ್ ‘ರೂಮಿ’ ಮಾತ್ರ ಆ ನಾಡಿನ ಹೆಸರನ್ನೇ ಹೊತ್ತವನು. ತೋಪಿನ ಕುಶಲಿಗಳು ಬಂದ ದಾರಿಯಲ್ಲಿ ನೀರಿನ ಕುಶಲಿಗಳು ಬಂದಿರಲಾರರೇ ಎಂದು ಓವರ್ಸಿಯರರು ಆ ರಾತ್ರಿಯೆಲ್ಲ ಕೇಳುತ್ತಿದ್ದರು.

ಕವಾಲಾದ ಬಂದರಿನಿಂದ ಮೇಲ್ಗಾಲುವೆಗೆ ಹೆಚ್ಚು ದೂರವಿಲ್ಲ. ಮೀನಿನ ದೋಣಿಗಳು, ಬಲೆ ಬಿಡಿಸುತ್ತ ಕುಳಿತ ಬೆಸ್ತರು, ಕಾಫಿಯಂಗಡಿಯ ಬೆತ್ತದ ಕುರ್ಚಿಗಳು. ಇವನ್ನೆಲ್ಲ ದಾಟಿ ಒಂದು ಏರು ದಾರಿ ತಿರುಗಿದರೆ ತಟಕ್ಕನೆ ಎದುರಿಗೆ ಅದು. ದೂರದಿಂದ ಮಕ್ಕಳ ಸಾಲಿನಂತೆ ಕಂಡದ್ದು ಹತ್ತಿರ ಬಂದಾಗ ಆಳೆತ್ತರವನ್ನು ಅಣಕಿಸುವ ಗೋಡೆಯಾಗಿತ್ತು. ಅರವತ್ತು ಕಮಾನುಗಳು, ನಾಲ್ಕು ಬೇರೆ ಬೇರೆ ಅಳತೆಯವು. ತಗ್ಗು ಆಳವಾದಲ್ಲಿ ಒಂದರ ಮೇಲೊಂದು ಅಂತಸ್ತಾಗಿ ಏರಿವೆ. ಉದ್ದ ಸುಮಾರು 270 ಮೀಟರ್. ಅತಿ ಎತ್ತರದ ಕಡೆ 25 ಮೀಟರ್. ಕೆಳಗಿನ ಕಮಾನುಗಳ ಬಾಯಿಯಿಂದ ಇಂದಿಗೂ ರಸ್ತೆಗಳು ತೂರಿಹೋಗುತ್ತವೆ. ಒಂದು ಕಮಾನಿನಿಂದ ಹಾಲಿನ ಗಾಡಿ ಹೊರಬಂದರೆ ಇನ್ನೊಂದರಿಂದ ಶಾಲೆಯ ಹುಡುಗರು. ಇದನ್ನು ಊರಿನವರು ಕರೆಯುವುದು ‘ಕಮಾರೆಸ್’ ಎಂದು. ಕಮಾರಾ ಎಂದರೆ ಗ್ರೀಕಿನಲ್ಲಿ ಕಮಾನು. ಕಿವಿಗೆ ಎರಡೂ ಒಂದೇ ಮಾತೆಂಬಂತೆ ಕೇಳಿದರೂ ನಮ್ಮ ಕಮಾನು ಪಾರಸಿಯ ಬಿಲ್ಲಿನಿಂದ ಬಂದದ್ದು. ಗ್ರೀಕರ ಕಮಾರಾ ಲ್ಯಾಟಿನಿಗೆ ಹೋಗಿ, ಪೋರ್ಚುಗೀಸರ ಹಡಗು ಹತ್ತಿ, ಹಿಂದೂಸ್ತಾನದಲ್ಲಿ ಕಮರಾ ಆಗಿ ಕೋಣೆಯೊಳಗೆ ಮಂಚ ಹಾಕಿಕೊಂಡು ಕುಳಿತಿದೆ. ಶಬ್ದಗಳೂ ವಿಹಾರ ನೌಕೆಯ ಯಾತ್ರಿಕರೇ. ಆದರೆ ಅವು ಸಂಜೆಗೆ ಹಡಗಿಗೆ ಹಿಂದಿರುಗುವುದಿಲ್ಲ.

ಓವರ್ಸಿಯರರು ಊರುಗೋಲಿನಿಂದ ಧೂಳಿನ ಮೇಲೆ ಗೆರೆ ಎಳೆದು ಹೆಂಡತಿಗೆ ತಿಳಿಸತೊಡಗಿದರು. ಉತ್ತರದ ಬೆಟ್ಟಗಳಲ್ಲಿ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಒರತೆಗಳಿವೆ. ಅಲ್ಲಿಂದ ನೀರು ಕಾಲುವೆಯಲ್ಲಿ ಬೆಟ್ಟದ ಮಗ್ಗುಲು ಹಿಡಿದು ತಾನಾಗಿಯೇ ಇಳಿಯುತ್ತ ಬರಬೇಕು. ಇಳಿಜಾರು ಹೆಚ್ಚಾದರೆ ನೀರು ಕಾಲುವೆಯನ್ನೇ ಕೊರೆಯುತ್ತದೆ. ಕಡಿಮೆಯಾದರೆ ನಿಂತು ಪಾಚಿಗಟ್ಟುತ್ತದೆ. ಊರಿರುವ ಗುಡ್ಡದ ಹತ್ತಿರ ಬಂದಾಗ ಎದುರಿಗೆ ಈ ತಗ್ಗು. ನೀರು ಒಮ್ಮೆ ತಗ್ಗಿಗೆ ಇಳಿಯಿತೆಂದರೆ ಎದುರಿನ ಗುಡ್ಡವನ್ನು ಹತ್ತಿಸುವವರು ಯಾರು? ಆದ್ದರಿಂದ ಅದನ್ನು ಇಳಿಯಗೊಡಲೇಬಾರದು; ಬಂದ ಎತ್ತರದಲ್ಲಿಯೇ ಕೈಹಿಡಿದು ದಾಟಿಸಬೇಕು. ಅಷ್ಟಕ್ಕಾಗಿ ಈ ಅರವತ್ತು ಕಮಾನು. ವಿಜಾಪುರದವರು ಕೊಳವೆ ಹೂತು ಗಂಜ್ ಕಟ್ಟಿದರು. ಇವರು ಕಮಾನು ಕಟ್ಟಿ ಕಾಲುವೆಯನ್ನು ಹೊತ್ತರು. ಪ್ರಶ್ನೆ ಒಂದೇ, ಉತ್ತರ ಎರಡು.

“ನೀರು ಎಲ್ಲಿ ಐತಿ?” ಎಂದರು ಆಕೆ.

ಆ ಪ್ರಶ್ನೆಯಿಂದ ಓವರ್ಸಿಯರರಿಗೆ ಸಂತೋಷವೇ ಆಯಿತು. ಸುತ್ತ ನಿಂತು ಚಿತ್ರ ತೆಗೆಯುತ್ತಿದ್ದ ನೂರಾರು ಜನರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನೋಡುವವರೆಲ್ಲ ನೋಡುವುದು ಕಮಾನನ್ನು. ಕೆಲಸ ಮಾಡಿದ್ದು ಮಾತ್ರ ಎಲ್ಲಕ್ಕೂ ಮೇಲೆ, ಕೆಳಗಿನವರ ಕಣ್ಣಿಗೆ ಬೀಳದಂತೆ ಇರುವ ಒಂದು ಕಿರಿದಾದ ಕಾಲುವೆ. 1911ರವರೆಗೂ ಅದರಲ್ಲಿ ನೀರು ಹರಿಯಿತು. ಈಗ ಒಣಗಿದೆ.

ಈ ಕಾಲುವೆಯ ಹಿಂದೆ ಒಬ್ಬ ಮನುಷ್ಯನ ವಿಚಿತ್ರವಾದ ಬಾಳಿದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ತುರ್ಕರು ಈ ಊರನ್ನು ಹಿಡಿದು ಹಾಳುಗೆಡವಿದ್ದರು. ಪಾಳುಬಿದ್ದ ತಾಣಕ್ಕೆ ಮತ್ತೆ ಜೀವ ಬಂದುದು ಹದಿನಾರನೆಯ ಶತಮಾನದಲ್ಲಿ, ಸುಲ್ತಾನ ಸುಲೇಮಾನನ ಆಳ್ವಿಕೆಯಲ್ಲಿ, ಅವನ ಪ್ರಧಾನಮಂತ್ರಿ ಇಬ್ರಾಹಿಂ ಪಾಷಾನಿಂದ. ಇಬ್ರಾಹಿಂ ಹುಟ್ಟಿನಿಂದ ತುರ್ಕನಲ್ಲ. ಗ್ರೀಸಿನ ಪಶ್ಚಿಮ ತೀರದ ಪರ್ಗಾ ಎಂಬ ಊರಿನ ಕ್ರೈಸ್ತ ಹುಡುಗ. ಗುಲಾಮನಾಗಿ ಸಿಕ್ಕಿಬಿದ್ದು, ರಾಜಕುಮಾರನ ಸಖನಾಗಿ ಬೆಳೆದು, 1523ರಲ್ಲಿ ಮಹಾವಜೀರನಾದ. ಆಗ ನಮ್ಮ ವಿಜಯನಗರದಲ್ಲಿ ಕೃಷ್ಣದೇವರಾಯನು ಆಳುತ್ತಿದ್ದ. ಅಲ್ಲಿಯೂ ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳಲ್ಲಿ ನೀರು ಹರಿಯುತ್ತಿತ್ತು. ಇಬ್ರಾಹಿಂ ಇಲ್ಲಿಗೆ ನೀರು ತರಿಸಿದ, ಮಸೀದಿ ಕಟ್ಟಿಸಿದ. 1540ರ ದಶಕದಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಪಿಯೆರ್ ಬೆಲೋಂ ಎಂಬ ಫ್ರೆಂಚ್ ನಿಸರ್ಗವಿಜ್ಞಾನಿ, ಜನವಿಲ್ಲದ ತಾಣ ನೀರು ಬಂದಮೇಲೆ ಊರಾಯಿತೆಂಬುದನ್ನು ಬರೆದಿಟ್ಟಿದ್ದಾನೆ. ಆದರೆ ಅಷ್ಟರಲ್ಲಿ ನೀರು ತಂದವನು ಇರಲಿಲ್ಲ. 1536ರ ಮಾರ್ಚಿಯಲ್ಲಿ ಒಂದು ರಾತ್ರಿ, ಬಾಲ್ಯದ ಗೆಳೆಯನೇ ಆದ ಸುಲ್ತಾನನ ಅಪ್ಪಣೆಯಿಂದ, ಅರಮನೆಯಲ್ಲಿಯೇ ಅವನ ಕತ್ತು ಬಿಗಿದು ಕೊಂದಿದ್ದರು. ಅವನ ಮಸೀದಿ ಈಗ ಸಂತ ನಿಕೋಲಾಸನ ಇಗರ್ಜಿ.

ಈ ಕಥೆಯನ್ನೆಲ್ಲ ಗಂಡನ ಬಾಯಿಂದ ಕೇಳಿಸಿಕೊಂಡ ಆ ತಾಯಿ, ಕಮಾನಿನ ಅಡಿಯಲ್ಲಿರುವ ಮನೆಗಳ ಕಡೆ ನೋಡುತ್ತಿದ್ದರು. ಮೇಲಿನ ಕಾಲುವೆಯ ನೆರಳು ಆ ಮನೆಗಳ ಅಂಗಳದ ಮೇಲೆ ಬಿದ್ದಿತ್ತು.

“ಅಲ್ರೀ, ನೀರು ಅಷ್ಟು ಎತ್ತರದಾಗ ಹೋಗತಿತ್ತಂದ್ರ, ಕೆಳಗ ಇದ್ದ ಮಂದಿ ಏನ ಮಾಡತಿದ್ರು?”

“ಮ್ಯಾಲ ಗುಡ್ಡದಾಗ ಮುಟ್ಟಿದ ಮ್ಯಾಲ ಅಲ್ಲಿಂದ ಇಳಿಸಿ ಕೊಡತಿರಬೇಕು. ಮೊದಲ ಎತ್ತರಕ್ಕ ಏರಬೇಕು, ಆಮ್ಯಾಲ ಹಂಚಬೇಕು. ಅದು ಪದ್ಧತಿ.”

“ಹೂಂ. ಕಡೀಕ” ಎಂದರು ಆಕೆ. ಅಷ್ಟೇ.

ಓವರ್ಸಿಯರರಿಗೆ ನೀರು ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೆಂಬುದನ್ನೂ ನೋಡಲೇಬೇಕಿತ್ತು. ಗುಡ್ಡದ ಮೇಲಿನ ಹಳೆಯ ಊರಿಗೆ ಪನಾಯಿಯಾ ಎಂದು ಹೆಸರು. ಓಣಿಗಳು ಇಕ್ಕಟ್ಟು, ಕಲ್ಲುಹಾಸು, ಮೆಟ್ಟಿಲ ಮೇಲೆ ಮೆಟ್ಟಿಲು. ಮೇಲಂತಸ್ತು ಹೊರಕ್ಕೆ ಚಾಚಿದ ಮರದ ತುರ್ಕಿ ಮನೆಗಳು. ಡಬ್ಬಿಗಳಲ್ಲಿ ಬೆಳೆದ ಕಾಮಕಸ್ತೂರಿ. ದಾರಿಯಲ್ಲಿ ಉದ್ದಕ್ಕೆ ಚಾಚಿದ, ಗುಮ್ಮಟಗಳ ಸಾಲುಳ್ಳ ಒಂದು ಕಟ್ಟಡ: ಇಮಾರೆತ್. ಈ ಗುಡ್ಡದ ಮೇಲೆ 1769ರಲ್ಲಿ ಹುಟ್ಟಿ, ಮುಂದೆ ಈಜಿಪ್ಟಿನ ಒಡೆಯನಾದ ಮುಹಮ್ಮದ್ ಅಲಿ, ಹುಟ್ಟೂರಿನ ನೆನಪಿಗೆ 1817ರಲ್ಲಿ ಕಟ್ಟಿಸತೊಡಗಿದ ಪಾಠಶಾಲೆ ಮತ್ತು ಅನ್ನಸತ್ರ. ಕೂತು ಉಣ್ಣುವವರ ಮನೆಯೆಂಬ ಅರ್ಥದಲ್ಲಿ ಊರಿನವರು ಅದಕ್ಕೆ ‘ಸೋಮಾರಿಗಳ ಛತ್ರ’ವೆಂದು ಅಡ್ಡಹೆಸರಿಟ್ಟಿದ್ದರಂತೆ. ಬಡವರಿಗೆ ಗಂಜಿ ಹಾಕುತ್ತಿದ್ದ ಆ ಕಟ್ಟಡ ಈಗ ಸಿರಿವಂತರು ತಂಗುವ ಹೋಟೆಲು.

ಯಾರ ನೀರು, ಯಾರ ಊರು! ಕಡಲಾಚೆಯ ಥಾಸೋಸಿನವರು ಬಂದು ನೆಲಸಿದ ಊರು. ರೋಮನರು, ಬೈಜಾಂಟೈನರು ಆಳಿದ ಊರು. ಐನೂರು ವರ್ಷ ತುರ್ಕರ ಊರು. 1913ರಲ್ಲಿ ಗ್ರೀಸಿಗೆ ಸೇರಿತು. 1923ರ ಒಪ್ಪಂದದ ಮೇರೆಗೆ ಇಲ್ಲಿನ ಮುಸಲ್ಮಾನರು ತುರ್ಕಿಗೆ ಹೋಗಬೇಕಾಯಿತು. ಅಲ್ಲಿನ ಕ್ರೈಸ್ತರು ಇಲ್ಲಿಗೆ ಬರಬೇಕಾಯಿತು. ಹೊಗೆಸೊಪ್ಪಿನ ಉಗ್ರಾಣಗಳಲ್ಲಿ ಕೆಲಸಕ್ಕೆ ನಿಂತು ಹೊಟ್ಟೆ ಹೊರೆದುಕೊಂಡವರು ಆ ನಿರಾಶ್ರಿತರು. 1943ರ ಮಾರ್ಚಿಯಲ್ಲಿ ಇಲ್ಲಿನ ಯೆಹೂದ್ಯರನ್ನು ಹಿಡಿದು ಟ್ರೆಬ್ಲಿಂಕಾದ ಮರಣಶಿಬಿರಕ್ಕೆ ಸಾಗಿಸಿದರು. ಒಂದೇ ಒರತೆಯ ನೀರು ಕುಡಿದವರ ಮೊಮ್ಮಕ್ಕಳು ಒಂದೇ ಊರಿನಲ್ಲಿ ಉಳಿಯಲಿಲ್ಲ.

ಓಣಿಯ ಒಂದು ತಿರುವಿನಲ್ಲಿ ಆ ತಾಯಿ ಕುಳಿತುಬಿಟ್ಟರು. ಯಾರದೋ ಮನೆಯ ಹೊಸ್ತಿಲ ಕೆಳಗಿನ ಕಲ್ಲು. ಮೊಣಕಾಲು ಹಿಡಿದುಕೊಂಡಿತ್ತು. ಮುಖ ಬೆವೆತಿತ್ತು. ಚೀಲದಲ್ಲಿ ಬಾಟಲಿ ಇತ್ತು; ಅದರಲ್ಲಿ ನೀರಿರಲಿಲ್ಲ. ಕಮಾನಿನ ಕೆಳಗೆ ಪಾಠ ಹೇಳುತ್ತ ಹೇಳುತ್ತ ಓವರ್ಸಿಯರರೇ ಅದನ್ನು ಬರಿದುಮಾಡಿದ್ದರು.

“ನೀರು...” ಎಂದರು ಆಕೆ, ಗಂಡನ ಕಡೆ ನೋಡದೆ.

ಹಿಂದಿನ ಬಾಗಿಲು ತೆರೆದೇ ಇತ್ತು. ಕಪ್ಪು ಉಡುಪಿನ ಒಬ್ಬ ಮುದುಕಿ ಹೊರಗಿಣುಕಿ, “ನೆರೋ?” ಎಂದಳು.

“ಹೌದವ್ವಾ, ನೀರು” ಎಂದರು ಇವರು.

“ನೆರೋ, ನೆರೋ” ಎನ್ನುತ್ತ ಅವಳು ಒಳಗೆ ಹೋದಳು. ಓವರ್ಸಿಯರರು ಬೆರಗಾಗಿ ನಿಂತರು. ಗ್ರೀಕಿನಲ್ಲಿ ಇಂದು ನೀರಿಗೆ ನೆರೋ ಎಂಬುದೇ ಮಾತು. ಭಾಷಾಶಾಸ್ತ್ರದವರು ಇಲ್ಲಿ ಉತ್ಸಾಹಪಡಬೇಕಾಗಿಲ್ಲ. ‘ಹೊಸದಾದ, ತಾಜಾ’ ಎಂಬ ಅರ್ಥದ ಹಳೆಯ ಗ್ರೀಕ್ ಮಾತು ಸವೆದು ನೆರೋ ಆಗಿದೆ. ಅದಕ್ಕೂ ದ್ರಾವಿಡದ ನೀರಿಗೂ ರಕ್ತಸಂಬಂಧವಿಲ್ಲ. ಆದರೆ ಬಾಯಾರಿ ಕುಳಿತವರಿಗೆ ವ್ಯುತ್ಪತ್ತಿಯಿಂದ ಏನಾಗಬೇಕು? ಮುದುಕಿ ಒಂದು ತಟ್ಟೆಯಲ್ಲಿ ಗಾಜಿನ ಲೋಟದ ತುಂಬ ನೀರು, ಪುಟ್ಟ ಬಟ್ಟಲಿನಲ್ಲಿ ಸಕ್ಕರೆಪಾಕದಲ್ಲಿ ಮುಳುಗಿದ ಒಂದು ಹಣ್ಣು, ಒಂದು ಚಮಚ ತಂದಿಟ್ಟಳು. ಮನೆಗೆ ಬಂದವರಿಗೆ ಸಿಹಿಯೊಡನೆ ನೀರು ಕೊಡುವುದು ಅಲ್ಲಿನ ವಾಡಿಕೆ. ಬೆಲ್ಲ ನೀರು ಕೊಡುವ ನಾಡಿನಿಂದ ಬಂದ ಹೆಂಗಸಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹಣ್ಣನ್ನು ಅರ್ಧ ಕಡಿದು ಮೇಲೆ ನೀರು ಕುಡಿದರು. ಮುದುಕಿ ಅವರ ಮೊಣಕಾಲನ್ನು ತೋರಿಸಿ ಏನೋ ಕೇಳಿದಳು. ತನ್ನ ಮೊಣಕಾಲನ್ನೂ ತೋರಿಸಿದಳು. ಆಮೇಲೆ ಓಣಿಯ ಕೆಳಗಿನ ತಿರುವಿನಲ್ಲಿದ್ದ ನಳದ ಕಡೆಗೆ ಕೈಮಾಡಿ, ಬೆನ್ನು ಬಗ್ಗಿಸಿ, ಭಾರ ಹೊತ್ತು ಮೆಟ್ಟಿಲು ಏರುವವಳಂತೆ ಎರಡು ಹೆಜ್ಜೆ ಹಾಕಿ ನಕ್ಕಳು. ಇವರೂ ನಕ್ಕರು. ಆಮೇಲೆ ಅವಳು ಒಳಗೆ ಒಲೆಯ ಮೇಲೆ ಇಟ್ಟದ್ದನ್ನು ನೋಡಲು ಹೋದಳು.

“ಈ ಕಾಲು ನನಗ ಹಿತ್ತಲದಾಗ ಜಾರಿ ಬಿದ್ದು ಆದದ್ದಲ್ಲರಿ” ಎಂದರು ಆಕೆ. “ಬಾವ್ಯಾಗ ಬಿದ್ದಿದ್ದೆ.”

ಈ ಮಾತು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವರು ಮದುವೆಯಾಗಿ ಬಂದದ್ದು 1972ರಲ್ಲಿ, ಬಿಜಾಪುರ ಸೀಮೆ ಬರದಿಂದ ಬಾಯಿಬಿಟ್ಟಿದ್ದ ವರ್ಷ. ಗಂಡ ನೀರು ಸರಬರಾಜಿನವನೆಂದು ಕೇಳಿ ತವರಿನವರು ಹುಡುಗಿಯ ತಲೆಯಿಂದ ಕೊಡ ಇಳಿಯಿತೆಂದು ಹಿಗ್ಗಿದ್ದರು. ಆದರೆ ಅವರ ಬಾಡಿಗೆ ಮನೆ ಇದ್ದದ್ದು ಊರಿನ ಏರಿನ ಓಣಿಯಲ್ಲಿ. ಟಾಕಿಯ ನೀರು ಅಲ್ಲಿಗೆ ಏರುತ್ತಿರಲಿಲ್ಲ. ಬೇರೆ ಕೊಳವೆ ಹಾಕಬೇಕಿತ್ತು. ಯಾವ ಓಣಿಗೆ ಮೊದಲು, ಯಾವ ಓಣಿಗೆ ಆಮೇಲೆ ಎಂಬ ಪಟ್ಟಿ ತಯಾರಿಸುವವರು ಸ್ವತಃ ಓವರ್ಸಿಯರರೇ. ಅವರು ತಮ್ಮ ಓಣಿಯ ಹೆಸರನ್ನು ಎಲ್ಲಕ್ಕಿಂತ ಕೆಳಗೆ ಬರೆದರು. ತನ್ನ ಮನೆಗೆ ಮೊದಲು ನೀರು ಮಾಡಿಕೊಂಡನೆಂಬ ಮಾತು ಬರಬಾರದು! ವರ್ಷಕ್ಕೊಮ್ಮೆ ಪಟ್ಟಿ ಬೆಳೆಯುತ್ತಿತ್ತು. ಕೆಳಗೆ ಹೊಸ ಹೆಸರು ಬಂದಷ್ಟೂ ಅವರು ತಮ್ಮ ಓಣಿಯನ್ನು ಇನ್ನೂ ಕೆಳಕ್ಕೆ ತಳ್ಳುತ್ತಿದ್ದರು. ಹನ್ನೊಂದು ವರ್ಷ. ಊರಿನಲ್ಲಿ ಅವರ ಪ್ರಾಮಾಣಿಕತೆಗೆ ದೊಡ್ಡ ಹೆಸರಾಯಿತು. ಆ ಹನ್ನೊಂದು ವರ್ಷ ಓಣಿಯ ಹೆಂಗಸರೆಲ್ಲ ಮೆಟ್ಟಿಲು ಬಾವಿಗೆ ಇಳಿದು ಬೆಳಗ್ಗೆ ಮೂರು ಕೊಡ, ಸಂಜೆ ಎರಡು ಕೊಡ ಹೊತ್ತರು. ಸಿಂಬಿಯ ಗುರುತಿಗೆ ನೆತ್ತಿಯ ಕೂದಲು ತೆಳುವಾಯಿತು. ಇಂಥ ಪ್ರಾಮಾಣಿಕತೆಯನ್ನು ಹೊಗಳುವವರು ಯಾರೂ ಆ ಕೊಡದ ಭಾರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂಬುದು ಸತ್ಯ. ಆ ಪ್ರಾಮಾಣಿಕತೆ ನಿಜವಾದುದೆಂಬುದೂ ಅಷ್ಟೇ ಸತ್ಯ.

“ಯಾವಾಗ?” ಎಂದರು ಓವರ್ಸಿಯರರು.

“ಎಪ್ಪತ್ತೆಂಟರಾಗ. ಶ್ರಾವಣ. ತುಂಬಿದ ಕೊಡ ತಲಿ ಮ್ಯಾಲಿತ್ತು, ಮೆಟ್ಟಿಲ ಪಾಚಿಗಟ್ಟಿತ್ತು. ಹತ್ತು ಮೆಟ್ಟಿಲ ಉರುಳಿದೆ. ಓಣ್ಯಾಗಿನ ಹೆಣ್ಮಕ್ಕಳು ಎತ್ತಿ ತಂದರು.”

“ಹಿತ್ತಲದಾಗ ಅಂತ ಯಾಕ ಹೇಳಿದಿ?”

“ಆ ವಾರ ನಿಮ್ಮ ಪಟ್ಟಿ ಸಂಬಂಧ ಮೀಟಿಂಗಿನಾಗ ದೊಡ್ಡ ಜಗಳ ನಡೆದಿತ್ತು. ಮನಿಗೆ ಬಂದು ಊಟಾನೂ ಮಾಡತಿರಲಿಲ್ಲ. ಖರೇ ಹೇಳಿದ್ರ ಏನ ಮಾಡತಿದ್ರಿ? ನಮ್ಮ ಓಣಿ ಮ್ಯಾಲ ಬರೀತಿದ್ರಿ. ಇಲ್ಲಂದ್ರ ಬರೀತಿರಲಿಲ್ಲ. ಎರಡರಾಗ ಯಾವದು ಆಗಿದ್ರೂ ನನಗ ಬ್ಯಾಡಾಗಿತ್ತು.”

ಓವರ್ಸಿಯರರ ಬಾಯಿಂದ ಮಾತು ಹೊರಡಲಿಲ್ಲ. ತೊರವೆಯ ಸುರಂಗ, ಬೇಗಂ ತಲಾಬು, ಇಸ್ತಾಂಬುಲ್‌ನ ತರಾಜು, ಅರವತ್ತು ಕಮಾನು, ಎಲ್ಲಕ್ಕೂ ವಿವರಣೆ ಇದ್ದ ಮನುಷ್ಯ ಊರುಗೋಲಿನ ತುದಿಯನ್ನು ಕಲ್ಲಿನ ಸಂದಿಯಲ್ಲಿ ತಿರುವುತ್ತ ನಿಂತರು. ನಲವತ್ತೈದು ವರ್ಷದ ಹಿಂದಿನ ಆ ಶ್ರಾವಣದಲ್ಲಿ ತಾವು ಹಿತ್ತಲಿನ ಕಲ್ಲನ್ನು ಬದಲಾಯಿಸಿ ಒರಟು ಫರಸಿ ಹಾಕಿಸಿದ್ದು ಅವರಿಗೆ ನೆನಪಾಗಿರಬೇಕು. ಇನ್ನೊಮ್ಮೆ ಜಾರಬಾರದೆಂದು ಮುಂದೆ ನಿಂತು ಹಾಕಿಸಿದ್ದರು. ಆಕೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಳಿತು ಅದನ್ನು ನೋಡುತ್ತಿದ್ದರು.

“ಇನ್ನೊಂದಿಷ್ಟು ನೀರು ಬೇಕಾಗಿತ್ತು” ಎಂದರು ಆಕೆ, ಬರಿದಾದ ಲೋಟವನ್ನು ತಟ್ಟೆಯಲ್ಲಿಡುತ್ತ. “ಆ ಮುದುಕವ್ವನ್ನ ಮತ್ತ ಕರೀಬ್ಯಾಡ್ರಿ. ಹಡಗಿಗೆ ಹೋದ ಮ್ಯಾಲ ಕುಡದ್ರಾತು.”

ಓವರ್ಸಿಯರರು ಚೀಲದಿಂದ ಬಾಟಲಿ ತೆಗೆದುಕೊಂಡು ಓಣಿ ಇಳಿದರು. ತಿರುವಿನ ನಳದ ತನಕ ನಲವತ್ತಕ್ಕೆ ಕಡಿಮೆಯಿಲ್ಲದ ಮೆಟ್ಟಿಲು. ಕೆಳಗೆ ಅವರು ನಳ ತಿರುವಿದ್ದು, ಮೊದಲ ನೀರನ್ನು ಅಭ್ಯಾಸಬಲದಿಂದ ಸ್ವಲ್ಪ ಹೊತ್ತು ಹರಿಯಬಿಟ್ಟದ್ದು, ಅಂಗೈಯಲ್ಲಿ ಹಿಡಿದು ಬಣ್ಣ ನೋಡಿದ್ದು, ಆಮೇಲೆ ಬಾಟಲಿ ಹಿಡಿದದ್ದು, ಎಲ್ಲವೂ ಹೊಸ್ತಿಲ ಕಲ್ಲಿನ ಮೇಲೆ ಕುಳಿತವರಿಗೆ ಕಾಣುತ್ತಿತ್ತು. ಏರುವಾಗ ಎರಡು ಕಡೆ ನಿಂತರು. ಒಂದು ಕಡೆ ಗೋಡೆಗೆ ಕೈಕೊಟ್ಟು ಬಹಳ ಹೊತ್ತು ನಿಂತರು. ಆಕೆ ಏಳಲೂ ಇಲ್ಲ, ಬೇಡವೆಂದು ಕೂಗಲೂ ಇಲ್ಲ. ಬಂದಾಗ ಬಾಟಲಿ ಇಸಿದುಕೊಂಡು ಅರ್ಧ ಕುಡಿದರು. ಉಳಿದರ್ಧವನ್ನು ಗಂಡನಿಗೆ ಕೊಟ್ಟರು. ಅವಲಕ್ಕಿಯ ಎರಡು ಪೊಟ್ಟಣವನ್ನು ಮುದುಕಿಯ ತಟ್ಟೆಯಲ್ಲಿ ಲೋಟದ ಪಕ್ಕಕ್ಕೆ ಇಟ್ಟರು. ಅದರ ಖಾರವನ್ನು ಆ ಕ್ರೈಸ್ತ ಮುದುಕಿ ಹೇಗೆ ತಾಳಿಕೊಂಡಳೋ ದೇವರೇ ಬಲ್ಲ.

ಇಳಿಯುವಾಗ ಆಕೆ ಗಂಡನ ತೋಳು ಹಿಡಿದುಕೊಂಡರು. ಆ ವಯಸ್ಸಿನ, ಆ ಸೀಮೆಯ ದಂಪತಿಗಳು ಹಾಗೆ ಬೀದಿಯಲ್ಲಿ ನಡೆಯುವುದು ಅಪರೂಪ. ಗುಡ್ಡದ ಬುಡದಲ್ಲಿ ಮತ್ತೆ ಕಮಾನುಗಳು ಎದುರಾದವು. ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಓವರ್ಸಿಯರ‍ರು ಈ ಸಲ ಮೇಲಕ್ಕೆ ನೋಡಲಿಲ್ಲ. ಕಮಾನಿನ ಅಡಿಯ ಮನೆಗಳ ಬಾಗಿಲುಗಳನ್ನು ಒಂದೊಂದಾಗಿ ನೋಡುತ್ತ ನಡೆದರು.

ಹಡಗು ಐದು ಗಂಟೆಗೆ ಹೊರಟಿತು. ಮಗ, ಸೊಸೆ ಫಿಲಿಪ್ಪಿಯಿಂದ ಬಂದು, ಅಲ್ಲಿನ ರಂಗಮಂದಿರ, ಸಂತೆಪೇಟೆಯ ಕಂಬಗಳು, ಪೌಲನ ಸೆರೆಮನೆಯೆಂದು ತೋರಿಸಿದ ಗುಹೆ ಎಲ್ಲವನ್ನೂ ಊಟದ ಮೇಜಿನಲ್ಲಿ ವರ್ಣಿಸಿದರು. ಮೊಮ್ಮಗಳು ಅಜ್ಜಿಯನ್ನು ಕೇಳಿದಳು: “ಅಜ್ಜೀ, ನೀವು ಏನು ನೋಡಿದ್ರಿ?”

“ನಿಮ್ಮಜ್ಜ ನೀರು ತಂದ್ರು” ಎಂದರು ಆಕೆ.

ಮಗ ತಂದೆಯ ಮುಖ ನೋಡಿದ. ಓವರ್ಸಿಯರರು ಕಿಟಕಿಯಾಚೆ ನೋಡುತ್ತಿದ್ದರು. ಥಾಸೋಸ್ ದ್ವೀಪದ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು.